ಸ್ಕೈಲ್ಯಾಬ್ ತಡೆಯುವ ಭೋಂಗಾ

"ಇನ್ನ ಸ್ಕೈಲ್ಯಾಬ್ ಅಲ್ಲ, ಅದರಪ್ಪ ಬಿದ್ದರೂ ನಮ್ಮ ಮನೀಗೆ ಏನೂ ಆಗಂಗಿಲ್ಲ" ಎಂದು ಗುರುಶಾಂತಪ್ಪ ಎದೆ ತಟ್ಟಿಕೊಂಡ. ಹೆಂಡತಿ ನೀಲಗಂಗವ್ವ ನಂಬಲಿಲ್ಲ. ಗದಗಿನ ಮದುವೆಗಳಿಗೆಲ್ಲ ಮೈಕ್ ಸೆಟ್ ಬಾಡಿಗೆಗೆ ಕೊಡುವ ಗಂಡನ ಹಿಂದಿನ ಯಂತ್ರಗಳನ್ನು ಆಕೆ ಕಂಡಿದ್ದಳು. ಈ ಸಲ ಅವನು ಮೈಕಿನ ಎರಡು ದೊಡ್ಡ ಭೋಂಗಾಗಳನ್ನು ಮಾಳಿಗೆಯ ಮೇಲೆ ಆಕಾಶಕ್ಕೆ ಮುಖ ಮಾಡಿ ಕಟ್ಟಿ, ಲಾರಿ ಬ್ಯಾಟರಿಗೆ ಜೋಡಿಸಿದ್ದ. ಗುಂಡಿ ಒತ್ತಿ, ಅವುಗಳ ಮೇಲೆ ತಾಮ್ರದ ಕೊಡ ಎಸೆದ. ಕೊಡ ಕೆಳಗೆ ಬೀಳಲೇ ಇಲ್ಲ! ಮೋಡದ ಕಡೆ ಹೋಯಿತು. ಅದು ನೀಲಗಂಗವ್ವನ ತವರಿನ ಕೊಡ.

ಎಪ್ಪತ್ತೊಂಬತ್ತನೇ ಇಸವಿಯ ಆ ಜುಲೈನಲ್ಲಿ ಊರಿಗೆಲ್ಲ ಒಂದೇ ಮಾತು. ಅಮೆರಿಕದವರು ಮೇಲೆ ಬಿಟ್ಟ ಸ್ಕೈಲ್ಯಾಬ್ ಯಾರ ತಲೆಯ ಮೇಲೆ ಬೀಳುತ್ತದೆ? ಅದು ಮೊದಲು ಬೀಳುತ್ತದೋ ದಿಲ್ಲಿ ಸರ್ಕಾರ ಮೊದಲು ಬೀಳುತ್ತದೋ ಎಂದು ಪಾನ್ ಅಂಗಡಿಯಲ್ಲಿ ಬಾಜಿ ಕಟ್ಟಿದ್ದರು. ಕೋಳಿ ಸಾಕಿದವರು ಕೋಳಿ ತಿಂದು ಮುಗಿಸಿದ್ದರು. ನೀಲಗಂಗವ್ವನದು ಒಂದೇ ಚಿಂತೆ, ಮಗಳು ಗಿರಿಜೆಯ ಮದುವೆ. ಆಷಾಢದಲ್ಲಿ ಯಾರೂ ಮದುವೆ ಮಾಡುವುದಿಲ್ಲ ನಿಜ, ಆದರೆ ಶ್ರಾವಣ ಬರುತ್ತದೆಂದು ಯಾರು ಕಂಡಿದ್ದಾರೆ? ಸ್ಕೈಲ್ಯಾಬ್ ಬೀಳುವ ಮೊದಲೇ ಮಗಳ ತಲೆಗೆ ಅಕ್ಷತೆ ಬೀಳಲಿ ಎಂದು ಬೀಗರನ್ನೂ ಮದುವೆ ಮಾಡಿಸುವ ಅಯ್ಯನವರನ್ನೂ ಒಪ್ಪಿಸಿದ್ದಳು.

ಮದುವೆಯ ಬೆಳಿಗ್ಗೆ ಗುರುಶಾಂತಪ್ಪ ಯಂತ್ರ ಚಾಲೂ ಮಾಡಿ ಬೀಗರನ್ನು ಎದುರುಗೊಳ್ಳಲು ಹೋದ. ಇತ್ತ ಅವನ ಅಕ್ಕ ಚೆನ್ನವ್ವ ಮಾಳಿಗೆ ಹತ್ತಿದಳು. ಹುಬ್ಬಳ್ಳಿಯಿಂದ ಬಂದರೆ ತಿಂಗಳುಗಟ್ಟಲೆ ಕೂತು, ಕೂತಲ್ಲಿಂದಲೇ ಎಲ್ಲರ ತಪ್ಪು ತಿದ್ದುವ ಹೆಂಗಸು.

"ಲಗ್ನದ ಭೋಂಗಾ ಓಣಿ ಕಡೆ ಮುಖ ಮಾಡಬೇಕು. ಮ್ಯಾಲ ಮಾಡಿದ್ರ ಹದ್ದು ಕೇಳ್ತಾವೇನು?" ಎಂದು ಎರಡನ್ನೂ ಓಣಿಗೆ ತಿರುಗಿಸಿ ಬಿಗಿದು ಕಟ್ಟಿದಳು.

ಓಣಿಯ ತಿರುವಿನಲ್ಲಿ ಬೀಗರು ಕಾಣಿಸಿಕೊಂಡರು, ಹಾಗೆಯೇ ಮಾಯವಾದರು! ಮುಂದೆ ಹೆಜ್ಜೆ ಇಟ್ಟಷ್ಟೂ ಹಿಂದೆ ಜಾರುತ್ತಿದ್ದರು. ವರನ ಬೆಲ್‌ಬಾಟಮ್ ಗಾಳಿ ತುಂಬಿಕೊಂಡು ಅವನನ್ನು ಎಲ್ಲರಿಗಿಂತ ಮೊದಲು ಸ್ಟೇಷನ್ ಕಡೆ ಒಯ್ದಿತು. ಜೊತೆಗೆ ಗುರುಶಾಂತಪ್ಪನೂ ಹೋದ. ಯಂತ್ರ ನಿಲ್ಲಿಸಲು ಬರುತ್ತಿದ್ದುದು ಅವನೊಬ್ಬನಿಗೇ.

"ಮನೀಗೆ ಕರದು ಹೊರಗ ದೂಡ್ತೀರೇನು? ನಡೀರಿ, ವಾಪಸ್ ಹೋಗೂಣು" ಎಂದು ಬೀಗಿತ್ತಿ ದೂರದಿಂದ ಕೂಗಿದ್ದು ಕೇಳಿಸಿತು.

ನೀಲಗಂಗವ್ವ ಬಾಗಿಲಿಗೆ ಓಡಿಬಂದಳು. ಅಳುತ್ತ ಕೂತರೆ ಮುಹೂರ್ತ ಕಾಯುತ್ತದೆಯೆ? ಒಳಗೆ ಬರಲು ತಾನೆ ಆಗದಿರುವುದು, ಹೊರಗೆ ಹೋಗಲು ಏನು ಅಡ್ಡಿ?

"ಅವರು ಬರಾಕ ಆಗಂಗಿಲ್ಲಂದ್ರ ನಾವ ಹೋಗೂಣು. ಗಿರಿಜಾ, ಸೆರಗು ಸಿಗಿಸ್ಕೊ" ಎಂದು ಮಗಳನ್ನೂ ಅಯ್ಯನವರನ್ನೂ ಕರೆದುಕೊಂಡು ಹೊಸ್ತಿಲು ದಾಟಿದಳು.

ದಾಟಿದ್ದಷ್ಟೇ ಗೊತ್ತು. ಕಣ್ಣು ಬಿಟ್ಟಾಗ ಸ್ಟೇಷನ್ ಎದುರಿನ ಟಾಂಗಾ ಸ್ಟ್ಯಾಂಡಿನಲ್ಲಿ ಗಿರಿಜೆ ವರನ ಮುಂದೆ ನಿಂತಿದ್ದಳು, ಅಯ್ಯನವರು ಟಾಂಗಾದಲ್ಲಿ ಬಿದ್ದಿದ್ದರು. ತಾಳಿಯ ಗಂಟು ಬಿದ್ದಿತು. ಮನೆಬಾಗಿಲಲ್ಲಿ ಮುತ್ತೈದೆಯರು ಎಸೆದ ಅಕ್ಷತೆ ಒಂದು ಕಾಳೂ ದಾರಿಯಲ್ಲಿ ಬೀಳದೆ ಜೋಡಿಯ ತಲೆಗೇ ಬಂತು. ಹೆಣ್ಣಿನವರು ಸ್ಟೇಷನ್ ತನಕ ಓಡಿ ಬಂದು ಎದುರುಗೊಂಡರೆಂದು ಬೀಗಿತ್ತಿ ಹಿಗ್ಗಿ ಹೀರೇಕಾಯಿಯಾದಳು. ಕೊನೆಗೆ ಹೊಸ್ತಿಲು ದಾಟಿದ ಚೆನ್ನವ್ವ ಮಾತ್ರ ಮದುವೆಯಲ್ಲಿ ನಿಲ್ಲಲಾಗದೆ, ಹೊರಟು ನಿಂತಿದ್ದ ಹುಬ್ಬಳ್ಳಿ ಗಾಡಿಯೊಳಗೇ ಹೋಗಿ ಕೂತಳು.

ಸಂಜೆ ಬ್ಯಾಟರಿ ಇಳಿದ ಮೇಲೆಯೇ ಉಳಿದವರು ಮನೆ ಸೇರಿದ್ದು. ಮರುದಿನ ರೇಡಿಯೋದಲ್ಲಿ ಸುದ್ದಿ ಬಂತು, ಸ್ಕೈಲ್ಯಾಬ್ ದೂರದ ಸಮುದ್ರದ ಕಡೆ ಬಿದ್ದಿತ್ತು. ಅದನ್ನು ದೂಡಿದ್ದು ತನ್ನ ಭೋಂಗಾವೇ ಎಂದು ಗುರುಶಾಂತಪ್ಪ ಓಣಿಗೆಲ್ಲ ಹೇಳಿಬಂದು, ಕೆಲಸ ಮುಗಿಯಿತೆಂದು ಹಗ್ಗ ಬಿಚ್ಚಲು ಮಾಳಿಗೆ ಹತ್ತಿದ.

ನೀಲಗಂಗವ್ವ ಕೆಳಗಿನಿಂದ ತಣ್ಣಗೆ ಹೇಳಿದಳು: "ಇರಲಿ ಬಿಡ್ರಿ. ದೀಪಾವಳಿಗೆ ನಿಮ್ಮ ಅಕ್ಕಾರು ಬರತೀನಂದಾರ."