ಮುಂದಿನ ಶುಕ್ರವಾರದ ತಪ್ಪು

ಯಲಹಂಕದ ಹೈಸ್ಕೂಲೊಂದರಲ್ಲಿ ಹನ್ನೆರಡು ವರ್ಷ ಇಂಗ್ಲಿಷ್ ಕಲಿಸಿದ ಮೇಲೆ, ಇನ್ನು ನಾನು ಕಲಿಯುವಂಥದ್ದೇನೂ ಉಳಿದಿಲ್ಲ ಎಂಬ ತೀರ್ಮಾನಕ್ಕೆ ಬಂದಿದ್ದೆ. ಎಂಬತ್ತರ ದಶಕದ ಮಾತು. ಆಗಲೇ ನನ್ನನ್ನೂ ಶಾಲೆಯ ಇನ್ನೊಬ್ಬ ಇಂಗ್ಲಿಷ್ ಮೇಷ್ಟ್ರು ಗಂಗಾಧರಯ್ಯನವರನ್ನೂ ಹತ್ತು ದಿನದ ತರಬೇತಿಗೆ ಕಳಿಸಿದರು.

ಅಲ್ಲಿ ನಮಗೆ ಕಲಿಸಿದ ಪದ್ಮಾ ಮೇಡಂ ಹೇಳಿದ್ದು ಇಷ್ಟೇ: ಶಾಲೆಗೆ ಮರಳಿ ಒಂದು ತಿಂಗಳು, ದಿನದ ಪಾಠ ಮುಗಿದ ಮೇಲೆ ಅಂದಿನ ತಪ್ಪನ್ನು ಅಂದೇ ಒಂದು ನೋಟ್‌ಬುಕ್ಕಿನಲ್ಲಿ ಪ್ರಾಮಾಣಿಕವಾಗಿ ಬರೆಯಬೇಕು. ಜೊತೆಯ ಮೇಷ್ಟ್ರು ಹಿಂದಿನ ಬೆಂಚಿನಲ್ಲಿ ಕೂತು ನೋಡಿ, ಕೆಳಗೆ ತಮ್ಮ ಅಭಿಪ್ರಾಯ ಬರೆಯಬೇಕು. ತಿಂಗಳಾದ ಮೇಲೆ, ಚೆನ್ನಾಗಿ ಬರೆದ ಒಬ್ಬರನ್ನು ತರಬೇತುದಾರರನ್ನಾಗಿ ಮಾಡುತ್ತಾರೆ. ಆ ಕೆಲಸ ನನಗೆ ಬೇಕೇ ಬೇಕಿತ್ತು. ಎಂಟನೇ ಕ್ಲಾಸಿನ ಗದ್ದಲವಿಲ್ಲ, ಸೀಮೆಸುಣ್ಣದ ಧೂಳಿಲ್ಲ, ಹನ್ನೊಂದು ಗಂಟೆಗೆ ಟೀ ಜೊತೆ ಬಿಸ್ಕತ್ತು.

ಪಾಠದ ಟಿಪ್ಪಣಿಯನ್ನು ತಿಂಗಳಿಗಾಗುವಷ್ಟು ಒಂದೇ ಸಲ ಬರೆದಿಡುವ ಜನ ನಾವು. ಇದನ್ನೂ ಹಾಗೇ ಮುಗಿಸೋಣವೆಂದು ಭಾನುವಾರ ಪುಟ್ಟೇನಹಳ್ಳಿಯ ನಮ್ಮ ಮನೆಯಲ್ಲಿ ಕೂತೆವು.

"ಮೂರನೇ ವಾರಕ್ಕೆ ಏನ್ ತಪ್ಪು ಹಾಕ್ಲಿ?" ಎಂದೆ.

"ಮಳೆ ಹಾಕಿ ಸಾರ್. ಹಿಂದಿನ ಬೆಂಚಿಗೆ ಕೇಳಿಸ್ಲಿಲ್ಲ ಅಂತ ಬರೀರಿ," ಎಂದರು ಗಂಗಾಧರಯ್ಯ.

ಉಪ್ಪಿಟ್ಟು ತಂದ ನನ್ನ ಹೆಂಡತಿ ವಿಮಲಾ ಇಣುಕಿ ನೋಡಿದಳು. "ಇನ್ನೂ ಮಾಡದೇ ಇರೋ ತಪ್ಪಿಗೆ ಈಗ್ಲೇ ಪಶ್ಚಾತ್ತಾಪ ಏನ್ರೀ?"

"ನಿಂಗೆ ಇದೆಲ್ಲ ಗೊತ್ತಾಗಲ್ಲ ಬಿಡು," ಎಂದೆ. ಉಪ್ಪಿಟ್ಟು ಖಾಲಿಯಾಗುವಷ್ಟರಲ್ಲಿ ಇಡೀ ತಿಂಗಳ ಪಶ್ಚಾತ್ತಾಪ ಮುಗಿದಿತ್ತು.

ಮೂರನೇ ವಾರದ ಮಂಗಳವಾರ ಬೆಳಗ್ಗೆ, ಹೇಳದೆ ಕೇಳದೆ ಪದ್ಮಾ ಮೇಡಂ ಶಾಲೆಗೇ ಬಂದುಬಿಟ್ಟರು. ನೋಟ್‌ಬುಕ್ ತೆಗೆದು ಅಂದಿನ ಪುಟ ಓದಿದರು. "ಇಂದು ಜೋರು ಮಳೆ. ಹಿಂದಿನ ಬೆಂಚಿಗೆ ನನ್ನ ದನಿ ತಲುಪಲಿಲ್ಲ."

ಕಿಟಕಿಯಾಚೆ ಬಿಸಿಲು ಚುರುಗುಟ್ಟುತ್ತಿತ್ತು. ಕೆಳಗೆ "ನಿಜ, ನಾನೂ ಅಲ್ಲೇ ಕೂತಿದ್ದೆ" ಎಂದು ಗಂಗಾಧರಯ್ಯನವರ ಸಹಿ. ಅವರು ನಾದಿನಿಯ ಮದುವೆಗೆಂದು ತುಮಕೂರಿಗೆ ಹೋಗಿ ಎರಡು ದಿನವಾಗಿತ್ತು. ನನ್ನ ಪಾಠವಾದರೋ ಇನ್ನೂ ಶುರುವೇ ಆಗಿರಲಿಲ್ಲ!

ಮೇಡಂ ಮುಂದಿನ ಪುಟಗಳನ್ನೂ ತಿರುವಿದರು. "ನಾಳೆ ಏನ್ ತಪ್ಪಾಗುತ್ತೆ ಅಂತ ಇವತ್ತೇ ಗೊತ್ತಿದ್ರೆ, ಮಾಡದೇನೇ ಇರಬಹುದಲ್ವಾ ಸಾರ್?"

ಪಾಠಕ್ಕೆ ಹೊತ್ತಾಯಿತೆಂದು ನಾನು ಸೀಮೆಸುಣ್ಣ ಹಿಡಿದು ಹೊರಟೆ.

ಮೇಡಂ ನನ್ನ ಕ್ಲಾಸಿಗೆ ಬಂದು ಹಿಂದಿನ ಬೆಂಚಿನಲ್ಲಿ ಕೂತರು. ಹೋದ ಮಾನವನ್ನು ಹೇಗಾದರೂ ವಾಪಸು ತರಬೇಕೆಂದು, ಹನ್ನೆರಡು ವರ್ಷದಲ್ಲಿ ಗೊತ್ತಿದ್ದುದನ್ನೆಲ್ಲ ಒಂದೇ ಪೀರಿಯಡ್ಡಿನಲ್ಲಿ ಸುರಿದೆ. "ಡೌಟ್ ಇದ್ರೆ ಕೇಳಿ" ಎಂದು ನಾನು ಉಸಿರು ಬಿಡುವುದಕ್ಕೂ ಗಂಟೆ ಹೊಡೆಯುವುದಕ್ಕೂ ಸರಿಹೋಯಿತು.

ಮೇಡಂ ಮುಂದಿನ ಶುಕ್ರವಾರದ ಪುಟ ತೆಗೆದು ಬೆರಳಿಟ್ಟು ತೋರಿಸಿದರು. "ಪೂರ್ತಿ ನಾನೇ ಮಾತಾಡಿದೆ. ಮಕ್ಕಳಿಗೆ ಬಾಯಿ ತೆರೆಯಲು ಬಿಡಲೇ ಇಲ್ಲ" ಎಂದು ನನ್ನ ಮುದ್ದಾದ ಅಕ್ಷರದಲ್ಲಿತ್ತು.

"ಇದೊಂದು ನಿಜ ಬರೆದಿದೀರಿ. ತಾರೀಖು ಮಾತ್ರ ತಿದ್ದಿ," ಎಂದು ಎದ್ದು ಹೋದರು.

ಮನೆಯಲ್ಲಿ ಹೇಳಿದರೆ ವಿಮಲಾ ನಗಲೂ ಇಲ್ಲ. "ಪೋರ್ಷನ್ ಯಾವಾಗ್ಲೂ ಮುಂಚೇನೇ ಮುಗಿಸ್ತೀನಿ ಅಂತಿದ್ರಲ್ಲ, ತಪ್ಪನ್ನೂ ಹಂಗೇ ಮುಗಿಸಿದ್ರಿ ಬಿಡಿ."

ತರಬೇತುದಾರರ ಕೆಲಸ ಯಶವಂತಪುರದ ಟೀಚರೊಬ್ಬರಿಗೆ ಸಿಕ್ಕಿತು. ನನಗೂ ಗಂಗಾಧರಯ್ಯನವರಿಗೂ ಆದೇಶ ಬಂತು: ಅದೇ ತರಬೇತಿ, ಮತ್ತೆ ಹತ್ತು ದಿನ. ಇಬ್ಬರೂ ಮುಂದಿನ ಬೆಂಚಿನಲ್ಲಿ ಕೈಕಟ್ಟಿ ಕೂತೆವು. ಹನ್ನೊಂದು ಗಂಟೆಗೆ ಟೀ ಬಂತು. ಬಿಸ್ಕತ್ತು ಈ ಸಲವೂ ಹೇಳಿಕೊಡುವವರಿಗೆ ಮಾತ್ರ.