ಯಾರೂ ಸಾಯದ ದಿನ

ನಮಗೆ ಬರೆಯಲು ಬರುತ್ತದೆ ಎಂಬ ಸುದ್ದಿ ಊರಲ್ಲಿ ಹರಡದಂತೆ ನೋಡಿಕೊಳ್ಳಬೇಕು. ಹಾಡಲು ಬರುತ್ತದೆ ಎಂದಾದರೆ ಮದುವೆಗೆ ಕರೆಯುತ್ತಾರೆ, ಊಟವಾದರೂ ಸಿಗುತ್ತದೆ. ಅಡುಗೆ ಬರುತ್ತದೆ ಎಂದಾದರೆ ಹೆಂಡತಿಗಾದರೂ ಸಮಾಧಾನ. ಬರೆಯಲು ಬರುತ್ತದೆ ಎಂದು ತಿಳಿದರೆ ಮಾತ್ರ ಬೇಡದ ಉಸಾಬರಿಗಳೆಲ್ಲ ಮನೆ ಹುಡುಕಿಕೊಂಡು ಬರುತ್ತವೆ. ನನ್ನ ಪಾಲಿಗೆ ಅದು ಅಯ್ಯನವರ ರೂಪದಲ್ಲಿ ಬಂತು. ನಮ್ಮ ಪ್ರಾಟೆಸ್ಟಂಟ್ ಸಭೆಯಲ್ಲಿ ಪಾದ್ರಿಗಳನ್ನು ಅಯ್ಯನವರು ಎನ್ನುವುದು ರೂಢಿ. ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ನಾನು ಕಟಪಾಡಿಯ ಹೈಸ್ಕೂಲೊಂದರಲ್ಲಿ ಚರಿತ್ರೆ ಕಲಿಸುತ್ತಿದ್ದೆ. ಕಾಪುವಿನಲ್ಲಿ ಬಾಡಿಗೆ ಮನೆ, ಭಾನುವಾರ ಬಸ್ಸು ಹತ್ತಿ ಉಡುಪಿಯ ನಮ್ಮ ಸಭೆಯ ದೇವಾಲಯಕ್ಕೆ ಹೋಗುವುದು, ಬಂದು ಮೀನುಸಾರು ಉಂಡು ಮಲಗುವುದು. ಇಷ್ಟೇ ಆಗಿದ್ದ ಬದುಕಿನಲ್ಲಿ ಒಂದು ಭಾನುವಾರ ಆರಾಧನೆ ಮುಗಿದ ಮೇಲೆ ಅಯ್ಯನವರು ಹೆಗಲ ಮೇಲೆ ಕೈಯಿಟ್ಟರು.

"ಮಾಸ್ಟ್ರೇ, ಬರುವ ವರ್ಷದ ದಿನಧ್ಯಾನದ ಕ್ಯಾಲೆಂಡರು ನೀವೇ ಬರೆಯಬೇಕು. ಸಭೆಯ ಚರಿತ್ರೆಯಿಂದ ದಿನಕ್ಕೊಂದು ಘಟನೆ, ಅದರ ಕೆಳಗೆ ನಾಲ್ಕು ಸಾಲು ಚಿಂತನೆ. ಆದರೆ ಆಯಾ ತಾರೀಕಿಗೆ ನಡೆದದ್ದೇ ಆಗಬೇಕು. ನಿಮಗೆ ಎಂತ ಕಷ್ಟ ಉಂಟು? ಚರಿತ್ರೆ ಮಾಸ್ಟ್ರಲ್ವಾ ನೀವು?"

ಈ ಕ್ಯಾಲೆಂಡರು ಎಂದರೆ ರಟ್ಟಿಗೆ ಅಂಟಿಸಿದ ಹಾಳೆಗಳ ದಪ್ಪ ಕಟ್ಟು. ಬೆಳಿಗ್ಗೆ ಮನೆಯ ಯಜಮಾನ ಆ ದಿನದ ಹಾಳೆ ಹರಿದು, ಗಟ್ಟಿಯಾಗಿ ಓದಿ, ಪ್ರಾರ್ಥನೆ ಮಾಡಿದ ಮೇಲೆಯೇ ಕಾಫಿ. ಉಡುಪಿಯಿಂದ ಕಾರ್ಕಳದವರೆಗೆ ನಮ್ಮವರ ಮನೆಗಳಲ್ಲಿ ಅದಿಲ್ಲದ ಗೋಡೆಯಿಲ್ಲ. ನನ್ನ ಮಾತು ಅಷ್ಟು ಮನೆಗಳಲ್ಲಿ ಕಾಫಿಗಿಂತ ಮೊದಲು ಹೋಗುತ್ತದೆ ಎಂಬ ಜಂಬದಲ್ಲಿ ಒಪ್ಪಿಕೊಂಡುಬಿಟ್ಟೆ.

ಎರಡು ದಪ್ಪ ಪುಸ್ತಕಗಳನ್ನು ತಂದು ಕುಳಿತ ಮೇಲೆ ಗೊತ್ತಾಯಿತು, ಸಭೆಯ ಚರಿತ್ರೆಯಲ್ಲಿ ಭಕ್ತರು ಹುಟ್ಟಿದ ದಿನವನ್ನು ಬರೆದಿಟ್ಟವರೇ ಅಪರೂಪ. ಹುಟ್ಟುವಾಗ ಅವರು ಭಕ್ತರಾಗಿರಲಿಲ್ಲವಲ್ಲ, ಯಾರಿಗೆ ಬೇಕಿತ್ತು? ಸತ್ತ ದಿನವೇ ಪರಲೋಕದಲ್ಲಿ ಹುಟ್ಟಿದ ದಿನ ಎಂಬುದು ಹಳಬರ ಲೆಕ್ಕ. ಆದ್ದರಿಂದ ತಾರೀಕು ಸಿಗುವುದೆಲ್ಲ ಸಾವಿಗೆ. ಅದೂ ಹಾಸಿಗೆಯ ಮೇಲೆ ಜ್ವರ ಬಂದು ಸತ್ತವರು ಎಷ್ಟು ಮಂದಿ? ಒಬ್ಬರನ್ನು ಸಿಂಹಕ್ಕೆ ಹಾಕಿದರು, ಒಬ್ಬರನ್ನು ಕಾದ ಕಬ್ಬಿಣದ ಮೇಲೆ ಹುರಿದರು, ಒಬ್ಬ ವೃದ್ಧ ಬಿಷಪರನ್ನು ಕಂಬಕ್ಕೆ ಕಟ್ಟಿ ಸುಟ್ಟರು. ಸಾವಿಲ್ಲದ ದಿನಗಳೇನೋ ಇದ್ದವು. ಅಂದು ಬಿಷಪರುಗಳು ಮಹಾಸಭೆ ಸೇರಿ ಒಬ್ಬರನ್ನೊಬ್ಬರು ಬಹಿಷ್ಕರಿಸಿದ್ದರು. ಸತ್ತ ಪೋಪರೊಬ್ಬರನ್ನು ಗೋರಿಯಿಂದ ತೆಗೆದು, ಕುರ್ಚಿಯಲ್ಲಿ ಕೂರಿಸಿ, ವಿಚಾರಣೆ ಮಾಡಿದ ಕಥೆಯೂ ಸಿಕ್ಕಿತು. ಅದರ ಕೆಳಗೆ ಮನೆಮಂದಿಗೆ ಹಿತವಾಗುವ ನಾಲ್ಕು ಸಾಲು ಚಿಂತನೆ ಬರೆಯಬೇಕು. ಶಾಲೆಯಿಂದ ಬಂದವನು ತಲೆ ಮೇಲೆ ಕೈ ಹೊತ್ತು ಕೂರುತ್ತಿದ್ದೆ. ನನ್ನ ಹೆಂಡತಿ ಕಮಲಿನಿ ಅಡುಗೆಮನೆಯಿಂದ "ಇವತ್ತು ಯಾರು ಹೋದದ್ದು?" ಎಂದು ಕೇಳುತ್ತಿದ್ದಳು. ಹೇಳಿದರೆ "ಪಾಪ" ಎನ್ನುತ್ತಿದ್ದಳು. ಹೇಗೋ ವರ್ಷ ತುಂಬಿಸಿ ಕೊಟ್ಟೆ. ಮೊದಲ ಹಾಳೆಯಲ್ಲಿ ವಿನಯ ಇರಲಿ ಎಂದು, ಬರೆದ ಕೈ ಮಾತ್ರ ನನ್ನದು, ಬರೆಸಿದವನು ಬೇರೆ ಎಂದು ಒಂದು ಮುನ್ನುಡಿಯನ್ನೂ ಸೇರಿಸಿದೆ. ಆ ವಿನಯ ಮುಂದೆ ನನ್ನ ಕುತ್ತಿಗೆಗೇ ಬಂತು.

ನಮ್ಮ ಸಭೆಯವರು ಪಂಚಾಂಗ ನೋಡುವುದಿಲ್ಲ. ನೆರೆಮನೆಯವರು ರಾಹುಕಾಲ ಎಂದರೆ ಮೂಗು ಮುರಿಯುತ್ತಾರೆ. ಆದರೆ ದಿನಧ್ಯಾನದ ಹಾಳೆಯಲ್ಲಿ ಬಂದದ್ದು ಆ ದಿನಕ್ಕಾಗಿ ದೇವರು ತಮಗೇ ಹೇಳಿದ ಮಾತು ಎಂದು ನಂಬುವುದರಲ್ಲಿ ಅವರಿಗೆ ಯಾವ ಅಡ್ಡಿಯೂ ಇಲ್ಲ. ಹಿಂದಿನ ವರ್ಷಗಳಲ್ಲಿ ಹಸುರು ಹುಲ್ಲುಗಾವಲು, ಶಾಂತವಾದ ನೀರು ಎಂದೆಲ್ಲ ಇರುತ್ತಿದ್ದುದರಿಂದ ತೊಂದರೆ ಬಂದಿರಲಿಲ್ಲ. ಈ ವರ್ಷ ಬಂತು. ಕಾರ್ಕಳದಲ್ಲಿ ಕಮಲಿನಿಯ ಚಿಕ್ಕಮ್ಮನ ಮಗಳ ಮದುವೆಯ ದಿನ ಬೆಳಿಗ್ಗೆ ಹಾಳೆ ಹರಿದರೆ, ಮದುವೆ ಬೇಡವೆಂದು ಹಠ ಹಿಡಿದು ಕತ್ತಿಗೆ ಕತ್ತು ಕೊಟ್ಟ ಕನ್ಯೆಯ ಕಥೆ. ಮದುಮಗಳು ಅತ್ತಳಂತೆ. ಮದುವೆಯೇನೋ ಆಯಿತು, ಚಿಕ್ಕಮ್ಮ ಮಾತ್ರ ನನ್ನ ಜೊತೆ ಮಾತು ಬಿಟ್ಟರು.

ಅಲ್ಲಿಂದ ಜನ ಎಚ್ಚರವಾದರು. ಮುಂದಿನ ಹಾಳೆಗಳನ್ನು ಮೊದಲೇ ಎತ್ತಿ ನೋಡುವುದು ಭಕ್ತಿಯ ಲಕ್ಷಣವಲ್ಲ ಎನ್ನುತ್ತಿದ್ದವರೇ ಎತ್ತಿ ಎತ್ತಿ ನೋಡಿ, ಈಸ್ಟರ್ ಬರುವಾಗ ಎಲ್ಲರ ಮನೆಯಲ್ಲೂ ಕ್ಯಾಲೆಂಡರಿನ ಮೂಲೆ ಹೆಬ್ಬೆರಳಿನ ಕೊಳೆಯಿಂದ ಕಪ್ಪಾಗಿತ್ತು. ಕೆಲವರು ನೇರವಾಗಿ ನನ್ನಲ್ಲಿಗೇ ಬಂದರು. "ಮಾಸ್ಟ್ರೇ, ಮಗನನ್ನು ಬೊಂಬಾಯಿಗೆ ಕಳಿಸ್ಲಿಕ್ಕುಂಟು, ಯಾವ ದಿನ ಸ್ವಲ್ಪ ತೊಂದರೆ ಕಡಿಮೆ ಉಂಟು?" ನಾನು ಜೋಯಿಸನಾಗಿಬಿಟ್ಟಿದ್ದೆ, ದಕ್ಷಿಣೆ ಮಾತ್ರ ಇಲ್ಲ. ನಮ್ಮ ಮನೆಯ ಎದುರು ಜೀನಸಿನ ಅಂಗಡಿ ಇಟ್ಟಿದ್ದ ಅಬ್ಬು ಬ್ಯಾರಿಗಳಿಗೆ ಸ್ನೇಹಕ್ಕೆಂದು ಒಂದು ಪ್ರತಿ ಕೊಟ್ಟಿದ್ದೆ. ಅವರು ಅದನ್ನು ತಕ್ಕಡಿಯ ಹಿಂದೆ ತೂಗುಹಾಕಿ, ನಾನು ಬಸ್ಸಿಗೆ ನಿಂತಾಗೆಲ್ಲ ವಿಚಾರಿಸುತ್ತಿದ್ದರು. "ಮಾಸ್ಟ್ರೇ, ಇವತ್ತಿನದ್ದು ಓದಿದೆ. ಎಂತ ಮಾರಾಯ್ರೆ ಇದು, ನಿಮ್ಮಲ್ಲಿ ಒಬ್ಬರನ್ನಾದ್ರೂ ಸುಮ್ಮನೆ ಬಿಟ್ಟದ್ದುಂಟಾ?" ನಾನು ನಕ್ಕು ಬಸ್ಸು ಹತ್ತುತ್ತಿದ್ದೆ. ನಗು ಬರುತ್ತಿದ್ದ ದಿನಗಳು ಅವು.

ಮಳೆಗಾಲ ಹಿಡಿಯುವ ಹೊತ್ತಿಗೆ ಕಮಲಿನಿಯ ಎದೆಯಲ್ಲಿ ಒಂದು ಗಂಟು ಕಾಣಿಸಿಕೊಂಡಿತು. ಮಣಿಪಾಲದ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಡಾಕ್ಟರು ಮುಟ್ಟಿ ನೋಡಿ, ಕನ್ನಡಕ ತೆಗೆದು, "ಇದನ್ನು ಇಟ್ಟುಕೊಂಡು ಕೂರುವುದು ಬೇಡ, ಮುಂದಿನ ವಾರವೇ ತೆಗೆದುಬಿಡುವ" ಎಂದು ತಾರೀಕು ಕೊಟ್ಟರು. ಕಮಲಿನಿ ಮನೆಗೆ ಬಂದವಳು ಸೀರೆಯನ್ನೂ ಬದಲಾಯಿಸದೆ ಗೋಡೆಯ ಬಳಿ ಹೋಗಿ ಹಾಳೆ ಎತ್ತಿ ನೋಡಿದಳು. ಆ ದಿನಕ್ಕೆ ನಾನು ಬರೆದಿದ್ದದ್ದು ಒಬ್ಬಳು ತಾಯಿ ಕೊಲ್ಲುವವರ ಎದುರು ತಾನೇ ಎದೆಯೊಡ್ಡಿ ನಿಂತದ್ದು.

"ಈ ದಿನ ಬೇಡ" ಎಂದಳು.

ಬೇಡ ಎಂದರೆ ಬೇಡವೇ. ಡಾಕ್ಟರಿಗೆ ಏನೋ ನೆಪ ಹೇಳಿ ಇನ್ನೊಂದು ದಿನ ಕೇಳಿಕೊಂಡೆ. ಆ ದಿನದ ಹಾಳೆಯಲ್ಲಿ ದಹನವಿತ್ತು. ಅದೂ ಬೇಡವಾಯಿತು. "ಎಂತ ಮಾಸ್ಟ್ರೇ, ಆಟ ಅಂತ ತಿಳ್ಕೊಂಡಿದ್ದೀರಾ?" ಎಂದು ಡಾಕ್ಟರು ದನಿ ಏರಿಸಿದರು. ನಾನೂ ಮನೆಗೆ ಬಂದು ದನಿ ಏರಿಸಿದೆ. ತರಗತಿಯಲ್ಲಿ ಮೂಢನಂಬಿಕೆಯ ಬಗ್ಗೆ ಮಾಡುವ ಪಾಠವನ್ನೆಲ್ಲ ಕಮಲಿನಿಯ ಮುಂದೆ ಮಾಡಿದೆ. "ಅದನ್ನು ಬರೆದದ್ದು ನಾನು ಮಾರಾಯ್ತಿ. ಈ ಬೆಂಚಿನ ಮೇಲೆ ಕೂತು, ನೀನು ಮಾಡಿಕೊಟ್ಟ ಅವಲಕ್ಕಿ ತಿಂದುಕೊಂಡು ಬರೆದದ್ದು. ನಾನು ಬರೆದದ್ದಕ್ಕೆ ನೀನು ಹೆದರುವುದಾ? ಬೇರೆ ಯಾವ ವಿಷಯದಲ್ಲಿ ನನ್ನ ಮಾತು ಕೇಳಿದ್ದೀ?"

ಕಮಲಿನಿ ಅಕ್ಕಿ ಆರಿಸುತ್ತಿದ್ದಳು. ತಲೆಯೆತ್ತಲಿಲ್ಲ. "ಬರೆದದ್ದು ನೀವು. ಬರೆಸಿದ್ದು ನೀವಲ್ಲ ಅಂತ ನೀವೇ ಅಚ್ಚು ಹಾಕಿಸಿದ್ದೀರಲ್ಲ" ಎಂದಳು. ಒಂದು ಕಲ್ಲು ಆರಿಸಿ ಎಸೆದು, "ನನಗೆ ಹೆದರಿಕೆ ಆಗ್ತದೆ. ಒಂದು ಒಳ್ಳೆ ಮಾತು ಕೇಳಿಕೊಂಡು ಒಳಗೆ ಹೋಗುವ ಅಂತ ಆಸೆ. ಅಷ್ಟೂ ಆಗುದಿಲ್ವಾ?" ಎಂದು ಕೇಳಿದಳು.

ಇಡೀ ವರ್ಷಕ್ಕೆ ಮಾತು ಬರೆದವನು, ಹೆಂಡತಿಗೆ ಬೇಕಾದ ಒಂದು ಒಳ್ಳೆಯ ಮಾತನ್ನು ಎಲ್ಲೂ ಬರೆದಿರಲಿಲ್ಲ. ಒಂದೇ ಒಂದು ಹಿತವಾದ ಹಾಳೆ ಇದ್ದದ್ದು ನೆನಪಿತ್ತು. ಬಿಷಪನಾಗುವುದು ಬೇಡವೆಂದು ಒಬ್ಬ ಸಾಧು ಬಾತುಕೋಳಿಗಳ ಗೂಡಿನಲ್ಲಿ ಅಡಗಿಕೊಂಡಿದ್ದ ಎಂಬ ಕಥೆ. ಆದರೆ ಅದು ನವೆಂಬರಿನಲ್ಲಿತ್ತು, ಡಾಕ್ಟರು ಹೇಳಿದ ಗಂಟು ನವೆಂಬರಿನವರೆಗೆ ಕಾಯುವಂಥದ್ದಲ್ಲ. ಎಷ್ಟು ಬೇಗ ತೆಗೆದರೆ ಅಷ್ಟು ಒಳ್ಳೆಯದು ಎಂದು ಅವರು ಅಂದ ಮಾತು ಶಾಲೆಯಲ್ಲೂ ಬಸ್ಸಿನಲ್ಲೂ ನನ್ನ ಕಿವಿಯಲ್ಲೇ ಇತ್ತು. ಆ ಭಕ್ತರೆಲ್ಲರ ಮೇಲೆ ನನಗೆ ಸಿಟ್ಟು ಬಂತು. ಒಬ್ಬರಾದರೂ ಜೂನ್ ಕೊನೆಯಲ್ಲಿ ಕಾಯಿಲೆ ಗುಣವಾಗಿ, ಎದ್ದು ಗಂಜಿ ಕುಡಿದು, ಮನೆಗೆ ಹೋಗಬಾರದಿತ್ತೇ?

ಕೊನೆಗೆ ದಿನ ಹುಡುಕಿದವಳು ಕಮಲಿನಿಯೇ. ಒಂದು ಸಂಜೆ ನಾನು ಮನೆಗೆ ಬಂದಾಗ ಅವಳ ಮುಖ ಸ್ವಲ್ಪ ತಿಳಿಯಾಗಿತ್ತು. "ಬರುವ ಮಂಗಳವಾರ ಆಗ್ತದೆ" ಎಂದು ಹಾಳೆ ತೋರಿಸಿದಳು. ಅದು ನನಗೆ ನಾಚಿಕೆ ತಂದ ಹಾಳೆ. ಆ ತಾರೀಕಿಗೆ ಎರಡೂ ಪುಸ್ತಕ ತಿರುವಿಹಾಕಿದರೂ ಏನೂ ಸಿಕ್ಕಿರಲಿಲ್ಲ. ಅಚ್ಚಿನವನು ಬಾಗಿಲಲ್ಲಿ ನಿಂತಿದ್ದ. ಬೇಸತ್ತು ಹೀಗೆ ಗೀಚಿ ಕೊಟ್ಟಿದ್ದೆ: 'ಈ ದಿನ ಸಭೆಯ ಚರಿತ್ರೆಯಲ್ಲಿ ಏನೂ ನಡೆದಂತೆ ತಿಳಿದುಬಂದಿಲ್ಲ. ಯಾರೂ ಸತ್ತಿಲ್ಲ. ದೇವರಿಗೆ ಸ್ತೋತ್ರ.' ಅಯ್ಯನವರು ಅದಕ್ಕೆ ನನ್ನನ್ನು ಕರೆದು ಬೈದಿದ್ದರು. ಈಗ ನೋಡಿದರೆ ಸಭೆಯವರೆಲ್ಲ ಆ ಮಂಗಳವಾರವನ್ನೇ ಹಿಡಿದಿದ್ದರು. ಉಡುಪಿಯಲ್ಲಿ ಎರಡು ಮದುವೆ, ಇನ್ನಂಜೆಯಲ್ಲಿ ಒಂದು ಹೊಸ ಮನೆಗೆ ಕೆಸರುಕಲ್ಲು ಇಡುವುದು, ಪಡುಬಿದ್ರಿಯಲ್ಲಿ ಮಗುವಿನ ದೀಕ್ಷಾಸ್ನಾನ. ಆಸ್ಪತ್ರೆಗೆ ಬಂದು ಪ್ರಾರ್ಥನೆ ಮಾಡಲು ಅಯ್ಯನವರಿಗೆ ಪುರುಸೊತ್ತೇ ಇಲ್ಲ.

ಆ ಬೆಳಿಗ್ಗೆ ಆಸ್ಪತ್ರೆಯ ಮಂಚದ ಪಕ್ಕ ನಿಂತು ಆ ದಿನದ ಹಾಳೆಯನ್ನು ನಾನೇ ಓದಿದೆ. "ಯಾರೂ ಸತ್ತಿಲ್ಲ" ಎಂಬುದನ್ನು ಎರಡು ಸಲ ಓದಿದೆ. ಕಮಲಿನಿ "ಆಮೆನ್" ಎಂದು, ಬಳೆ ತೆಗೆದು ನನ್ನ ಕೈಗೆ ಕೊಟ್ಟು, ದಾದಿಯ ಜೊತೆ ನಡೆದುಹೋದಳು. ತಿರುಗಿ ನೋಡಲಿಲ್ಲ. ನಾನು ಹೊರಗಿನ ಬೆಂಚಿನಲ್ಲಿ ಕುಳಿತೆ. ಅಬ್ಬು ಬ್ಯಾರಿಗಳು ಅಂಗಡಿ ಮುಚ್ಚಿ, ಫ್ಲಾಸ್ಕಿನಲ್ಲಿ ಚಹಾ ಹಿಡಿದುಕೊಂಡು ಬಂದು ಪಕ್ಕದಲ್ಲಿ ಕುಳಿತರು. "ನಾನೂ ನೋಡಿದೆ ಮಾಸ್ಟ್ರೇ, ಇವತ್ತಿನದ್ದು ಒಳ್ಳೆದುಂಟು" ಎಂದರು. ಹೌದು ಎಂದೆ. ಬೇರೆ ಹೊತ್ತಾದರೆ ವಾದಿಸುತ್ತಿದ್ದೆ. ಅವರು ಬಗ್ಗಿಸಿಕೊಟ್ಟ ಚಹಾ ಕೈಯಲ್ಲೇ ಆರಿತು. ಪುಸ್ತಕದಲ್ಲಿ ಸಿಗಲಿಲ್ಲ ಎಂದ ಮಾತ್ರಕ್ಕೆ ಆ ದಿನ ಯಾರೂ ಸತ್ತಿಲ್ಲ ಎಂದು ಹೇಳಲು ಯಾವ ಚರಿತ್ರೆ ಮಾಸ್ಟ್ರಿಗೆ ತಾನೇ ಸಾಧ್ಯ? ಅದನ್ನು ಯೋಚಿಸಬಾರದು ಎಂದುಕೊಂಡಷ್ಟೂ ಅದೇ ಯೋಚನೆ.

ಮಧ್ಯಾಹ್ನ ಕಳೆದ ಮೇಲೆ ಡಾಕ್ಟರು ಹೊರಗೆ ಬಂದರು. "ಗಂಟು ತೆಗೆದಾಯಿತು. ಏನೂ ತೊಂದರೆ ಆಗಲಿಲ್ಲ, ನಿದ್ದೆಯಲ್ಲಿದ್ದಾರೆ" ಎಂದರು. ನಾನು ಕೈ ಮುಗಿದೆ. "ಆದರೆ ಅದು ಎಂಥ ಗಂಟು ಎಂದು ಈಗಲೇ ಹೇಳಲಿಕ್ಕಾಗುದಿಲ್ಲ. ಪರೀಕ್ಷೆಗೆ ಕಳಿಸಿದ್ದೇವೆ. ಶುಕ್ರವಾರ ಬನ್ನಿ, ರಿಪೋರ್ಟ್ ಬಂದಿರ್ತದೆ. ಮತ್ತೆಂತ ಕೇಳ್ಲಿಕ್ಕುಂಟಾ?"

ಕೇಳಲಿಕ್ಕೆ ಬೇಕಾದಷ್ಟಿತ್ತು. ಔಷಧಿ ಯಾವುದು, ಊಟ ಏನು ಕೊಡಬೇಕು, ಮನೆಗೆ ಯಾವಾಗ ಬಿಡುತ್ತೀರಿ. ಆದರೆ ಶುಕ್ರವಾರದ ಹಾಳೆಗೆ ನಾನು ಯಾರ ಸಾವು ಬರೆದಿದ್ದೆ ಎಂಬುದು ನೆನಪಾಗಿ, ಬಾಯಿಗೆ ಬಂದದ್ದು ಒಂದೇ.

"ಶುಕ್ರವಾರ ಬೇಡ ಡಾಕ್ಟ್ರೇ," ಎಂದೆ, "ಶನಿವಾರ ಕೊಟ್ಟರೆ ಆಗುದಿಲ್ವಾ?"