ಕಲ್ಯಾಣದುರ್ಗ ಶಾಖೆಯ ಮೆಮೊರಿ ಕಾರ್ಡು

ಟೋಕನ್ ಯಂತ್ರವು ಸಂಖ್ಯೆ ಕೂಗುವವರೆಗೆ ಯಾವ ಕುರಿಗೂ ಸೂಜಿ ಚುಚ್ಚತಕ್ಕದ್ದಲ್ಲ ಎಂಬುದು ಗಡಿ ಮಂಡಲಗಳ ಕುರಿ ರಕ್ಷಣಾ ನಿಗಮದ ನಿಯಮ. ನಿಗಮದ ಪ್ರಧಾನ ಕಚೇರಿ ಹಿಂದೂಪುರದಲ್ಲಿದೆ, ಒಂದು ಶಾಖೆ ಕಲ್ಯಾಣದುರ್ಗದಲ್ಲಿದೆ, ಕುರಿಗಳು ಊರೂರಲ್ಲಿವೆ. ಈ ಏರ್ಪಾಡಿನ ಬಗ್ಗೆ ಇದುವರೆಗೆ ಯಾವ ಕುರಿಯೂ ಲಿಖಿತ ಆಕ್ಷೇಪಣೆ ಸಲ್ಲಿಸಿಲ್ಲ.

ಕಳೆದ ಜೂನ್‌ನಲ್ಲಿ ಹಿಂದೂಪುರದಿಂದ ಯಂತ್ರ ಬಂತು. ಅಂಗೈಯಗಲದ ಒಂದು ಕಂಪ್ಯೂಟರ್ ಬೋರ್ಡು, ಒಂದು ಸ್ಪೀಕರು, ಎರಡು ವೈರು. ಶಾಖಾಧಿಕಾರಿ ಕೇಶವಯ್ಯನವರು ಅದಕ್ಕೆ ಕುಂಕುಮ ಇಟ್ಟು ಸ್ವಿಚ್ ಒತ್ತಿದರು. ಕೆಂಪು ದೀಪ ಹತ್ತಿತು. ಮತ್ತೇನೂ ಆಗಲಿಲ್ಲ. 'ಯಂತ್ರವು ಚಾಲನೆಯಲ್ಲಿದೆ, ಆದರೆ ಮೌನವಾಗಿದೆ' ಎಂದು ವರದಿ ಹೋಯಿತು.

ಶಾಖೆಯಲ್ಲಿ ವರಲಕ್ಷ್ಮಿ ಎಂಬ ಕಂಪ್ಯೂಟರ್ ಆಪರೇಟರ್ ಇದ್ದಳು. ಅವಳದು ಗುತ್ತಿಗೆ ನೌಕರಿ. ಗುತ್ತಿಗೆಯವರು ತಮ್ಮನ್ನು ಕೇಳಿದರೆ ಮಾತ್ರ ಹೇಳಬೇಕೆಂಬ ಸುತ್ತೋಲೆ ಇದ್ದುದರಿಂದ ಅವಳು ಸುಮ್ಮನಿದ್ದಳು. ಹನ್ನೊಂದನೆಯ ದಿನ ಅವಳನ್ನು ಕೇಳಲಾಯಿತು. ಈ ಬೋರ್ಡಿಗೆ ಸ್ವಂತ ಡಿಸ್ಕ್ ಇಲ್ಲ, ಉಗುರಿನಷ್ಟು ಮೆಮೊರಿ ಕಾರ್ಡಿನ ಮೇಲೆ ಅದರ ಸಿಸ್ಟಂ ಬರೆದು ಕೆಳಗಿನ ಸಂದಿಗೆ ತೂರಿಸಿದರೆ ಬೂಟ್ ಆಗುತ್ತದೆ, ಅಂದರೆ ಕೆಲಸ ಶುರು ಮಾಡುತ್ತದೆ, ಲ್ಯಾಪ್‌ಟಾಪಿನಲ್ಲಿ ಇಪ್ಪತ್ತು ನಿಮಿಷದ ಕೆಲಸ ಎಂದಳು.

ಬೂಟ್ ಆಗುವ ಕಾರ್ಡು ಬೇಕೆಂದು ಕೇಶವಯ್ಯನವರು ಹಿಂದೂಪುರಕ್ಕೆ ಬರೆದರು. ಅಲ್ಲಿನ ಉಗ್ರಾಣದ ಅಧೀಕ್ಷಕರಾದ ಸೋಮಶೇಖರಪ್ಪನವರು, ಬೂಟುಗಳು ಕಾವಲುಗಾರರಿಗೆ ಮಾತ್ರ ಮಂಜೂರಾಗುತ್ತವೆ, ಪಾದದ ಅಳತೆ ತಿಳಿಸಿ ಎಂದು ಉತ್ತರಿಸಿದರು. ಇಪ್ಪತ್ತಾರು ವರ್ಷದ ಸೇವೆಯಲ್ಲಿ ಯಾವ ಪತ್ರಕ್ಕೂ ಉತ್ತರ ಬಾಕಿ ಇಡದ ಕೇಶವಯ್ಯನವರು ಕಾವಲುಗಾರನನ್ನು ಕರೆದು ಪಾದ ಅಳೆದು ಕಳಿಸಿದರು. ಬೂಟು ಬಂತು. ಸರಿಯಾಗಿಯೇ ಇತ್ತು.

ಎರಡನೆಯ ಪತ್ರದಲ್ಲಿ ಬೂಟಿನ ಮಾತು ಬಿಟ್ಟದ್ದರಿಂದ ಕಾರ್ಡು ಬಂತು. ಆದರೆ ಉಗ್ರಾಣದ ಪ್ರತಿ ವಸ್ತುವಿನ ಮೇಲೂ ದಾಸ್ತಾನು ಸಂಖ್ಯೆ ಇರಬೇಕು. ಕಾರ್ಡಿನ ಮೇಲೆ ಅಷ್ಟು ಜಾಗವಿಲ್ಲದ್ದರಿಂದ ಅದಕ್ಕೊಂದು ತೂತು ಹೊಡೆದು, ದಾರ ಪೋಣಿಸಿ, ಸಂಖ್ಯೆ ಬರೆದ ಚೀಟಿ ಕಟ್ಟಲಾಗಿತ್ತು. 'ಕಾರ್ಡು ತೂತಿನ ಸಮೇತ ಸುಸ್ಥಿತಿಯಲ್ಲಿ ತಲುಪಿದೆ' ಎಂದು ಕೇಶವಯ್ಯನವರು ಸಹಿ ಮಾಡಿ, ತೂತಿಲ್ಲದ ಇನ್ನೊಂದನ್ನು ಕೋರಿದರು.

ಅದೂ ಬಂತು. ಸಿಸ್ಟಂ ಬರೆಯುವಾಗ ಕಾರ್ಡಿನಲ್ಲಿ ಮೊದಲಿರುವುದೆಲ್ಲ ಅಳಿಸಿಹೋಗುತ್ತದೆ ಎಂದು ವರಲಕ್ಷ್ಮಿ ಟಿಪ್ಪಣಿ ಇಟ್ಟಳು. ಅಳಿಸುವುದೆಂದರೆ ದಾಖಲೆ ನಾಶ. ದಾಖಲೆ ನಾಶಕ್ಕೆ ಮೂವರ ಸಮಿತಿ ಬೇಕು. ಹಿಂದೂಪುರದಿಂದ ಬಂದ ಸಮಿತಿಯು ನಾಶವಾಗಲಿರುವ ದಾಖಲೆಗಳ ಪಟ್ಟಿ ಕೇಳಿತು. ಹೊಸ ಕಾರ್ಡು, ಏನೂ ಇಲ್ಲ ಎಂದಳು ವರಲಕ್ಷ್ಮಿ. ಏನೂ ಇಲ್ಲದ್ದನ್ನು ಅಳಿಸಲು ಸಮಿತಿಗೆ ಅಧಿಕಾರವಿರಲಿಲ್ಲ. ಏನಾದರೂ ಬರೆಯಿರಿ, ಕಾನೂನುಬದ್ಧವಾಗಿ ಅಳಿಸೋಣ ಎಂದರು. ಅವಳು 'ಇದರಲ್ಲಿ ಏನೂ ಇಲ್ಲ' ಎಂದು ಬರೆದಳು. ಸಮಿತಿಯು ಅದನ್ನು ಓದಿ, ಕಾರ್ಡಿನ ಸ್ಥಿತಿಗತಿಯ ಬಗ್ಗೆ ಲಭ್ಯವಿರುವ ಏಕೈಕ ದಾಖಲೆ ಇದೇ ಆದ್ದರಿಂದ ಶಾಶ್ವತವಾಗಿ ಕಾಪಾಡತಕ್ಕದ್ದೆಂದು ತೀರ್ಮಾನಿಸಿತು. ಕಾರ್ಡನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ ಅರಗಿನ ಮುದ್ರೆ ಒತ್ತಲಾಯಿತು.

ಅಷ್ಟರಲ್ಲಿ ಕಂಬದೂರಿನಿಂದ ಓಬಕ್ಕ ಎಂಬಾಕೆ ತನ್ನ ಇಪ್ಪತ್ತೆರಡು ಕುರಿ ಹೊಡೆದುಕೊಂಡು ಬಂದು ಒಂದನೆಯ ಟೋಕನ್ ಹಿಡಿದು ಶಾಖೆಯ ಅಂಗಳದಲ್ಲಿ ಕೂತಿದ್ದಳು. ಮಳೆ ಬಿದ್ದ ಮೇಲೆ ಅವಳ ಪಕ್ಕದ ಹಟ್ಟಿಗೆ ನೀಲಿ ನಾಲಿಗೆ ರೋಗ ಬಂದು ಆರು ಕುರಿ ಸತ್ತಿದ್ದವು. ಶಾಖೆಯ ಫ್ರಿಜ್ಜಿನಲ್ಲಿ ಲಸಿಕೆ ಇತ್ತು. ಬಾಟಲಿಯ ಮೇಲಿನ ಗಡುವು ಶುಕ್ರವಾರಕ್ಕೆ ಮುಗಿಯುತ್ತಿತ್ತು. ಅವಳು ಮೂರು ದಿನ ಕಾದಳು. ಗುರುವಾರ ವರಲಕ್ಷ್ಮಿಯನ್ನು ಕೇಳಿದಳು:

"ಆ ಡಬ್ಬ ಯಾವಾಗಮ್ಮ ಮಾತಾಡಾದು?"

"ಅದಕ್ಕೆ ಕಾರ್ಡ್ ಬೇಕು ಕಣಕ್ಕ. ಹಿಂದೂಪುರದಿಂದ ಬರ್ಬೇಕು."

"ಒಂದು ಅಂತ ಕೂಗಾಕೆ ನಂಗೂ ಬತ್ತೈತೆ. ನಾನೇ ಕೂಗ್ಕೊಂಡ್ರೆ ಆಗಾಕಿಲ್ವಾ?"

ವರಲಕ್ಷ್ಮಿ ಈ ಸಲಹೆಯನ್ನು ಮೇಲಕ್ಕೆ ಕಳಿಸಿದಳು. ಸಾರ್ವಜನಿಕರು ತಮ್ಮ ಸಂಖ್ಯೆಯನ್ನು ತಾವೇ ಕೂಗಿಕೊಂಡರೆ ಪಕ್ಷಪಾತವಾಗುತ್ತದೆಂದು ಕೇಶವಯ್ಯನವರು ನಿರಾಕರಿಸಿದರು.

ಅಂದು ಊಟದ ಬಿಡುವಿನಲ್ಲಿ ವರಲಕ್ಷ್ಮಿ ಊಟ ಮಾಡಲಿಲ್ಲ. ತನ್ನ ಫೋನಿನಿಂದ ಮೆಮೊರಿ ಕಾರ್ಡು ತೆಗೆದಳು. ಅದರಲ್ಲಿ ಅವಳ ಮಗಳು ಕೀರ್ತನಾ ಹುಟ್ಟಿದಂದಿನಿಂದ ಮೊದಲ ಹೆಜ್ಜೆ ಇಡುವವರೆಗಿನ ವೀಡಿಯೊಗಳಿದ್ದವು. ಎಲ್ಲವನ್ನೂ ಲ್ಯಾಪ್‌ಟಾಪಿಗೆ ಇಳಿಸಿಕೊಂಡು, ಒಂದೊಂದನ್ನೂ ತೆರೆದು ನೋಡಿ ಖಾತ್ರಿ ಮಾಡಿಕೊಂಡಳು. ಆಮೇಲೆ ಸಿಸ್ಟಂ ಫೈಲು ಆರಿಸಿ, ಕಾರ್ಡು ಆರಿಸಿ, ಬರೆಯುವ ಗುಂಡಿ ಒತ್ತಿದಳು. 'ಎಲ್ಲವೂ ಅಳಿಸಿಹೋಗುತ್ತದೆ, ಸಮ್ಮತವೇ?' ಎಂದು ಪರದೆ ಕೇಳಿತು. ಅವಳು ಯಾವ ಸಮಿತಿಯನ್ನೂ ಕೇಳದೆ ಸಮ್ಮತಿಸಿದಳು. ನೂರು ಪರ್ಸೆಂಟ್ ಆದ ಮೇಲೆ ಕಾರ್ಡು ತಂದು ಬೋರ್ಡಿನ ಸಂದಿಗೆ ತೂರಿಸಿದಳು. ಕೆಂಪು ದೀಪದ ಪಕ್ಕ ಹಸಿರು ದೀಪ ಮಿನುಗತೊಡಗಿತು. ಸ್ಪೀಕರು ತೆಲುಗಿನಲ್ಲಿ "ಟೋಕನ್ ನಂಬರ್ ಒಕಟಿ" ಎಂದು ಒಂದನೆಯ ಸಂಖ್ಯೆ ಕೂಗಿತು.

"ಬಂದೆ ಕಣಪ್ಪ," ಎಂದು ಓಬಕ್ಕ ಎದ್ದಳು.

ಪಶುವೈದ್ಯ ನರೇಶ್ ಇಪ್ಪತ್ತೆರಡು ಕುರಿಗೂ ಚುಚ್ಚಿದರು. ಓಬಕ್ಕ ಕಂಬದೂರಿಗೆ ಹೋದಳು.

ಶಾಖೆಯ ವರದಿಗೆ ಉತ್ತರವಾಗಿ ಸೋಮವಾರ ಹಿಂದೂಪುರದಿಂದ ಆದೇಶ ಬಂತು. ಅನಧಿಕೃತ ಕಾರ್ಡಿನಿಂದ ಬೂಟ್ ಆದ ಯಂತ್ರವು ಬೂಟ್ ಆಗಿಲ್ಲ. ಬೂಟ್ ಆಗದ ಯಂತ್ರ ಕೂಗಿದ್ದು ಕೂಗಿದಂತಲ್ಲ. ಆದ್ದರಿಂದ ಲಸಿಕೆ ಫ್ರಿಜ್ಜಿನಲ್ಲೇ ಇದೆ. ಅದು ಅಲ್ಲಿ ಕಾಣದಿದ್ದಲ್ಲಿ ಆಪರೇಟರ್ ಮೂರು ದಿನದೊಳಗೆ ಇಪ್ಪತ್ತೆರಡು ಡೋಸನ್ನು ಯಥಾಸ್ಥಿತಿಯಲ್ಲಿ ಮರಳಿಸತಕ್ಕದ್ದು, ತಪ್ಪಿದರೆ ಗುತ್ತಿಗೆ ರದ್ದು. ವರಲಕ್ಷ್ಮಿ ಆದೇಶವನ್ನು ಎರಡು ಸಲ ಓದಿ, ಮಗಳ ವೀಡಿಯೊಗಳನ್ನು ಕಚೇರಿಯ ಲ್ಯಾಪ್‌ಟಾಪಿನಿಂದ ಪೆನ್‌ಡ್ರೈವಿಗೆ ಹಾಕಿಕೊಂಡಳು.

ಮೂರನೆಯ ದಿನ ಸೋಮಶೇಖರಪ್ಪನವರು ತಾವೇ ಬಂದರು. ಓಬಕ್ಕನನ್ನೂ ಕುರಿಗಳನ್ನೂ ಹಾಜರುಪಡಿಸಲಾಗಿತ್ತು.

"ಲಸಿಕೆ ಎಲ್ಲಿದೆ?" ಎಂದರು.

"ಕುರಿಯೊಳಗೈತೆ ಸ್ವಾಮಿ."

"ಭದ್ರವಾಗಿದೆಯೇ?"

"ನಾನಿರಾಗಂಟ ಭದ್ರವಾಗೇ ಇರ್ತೈತೆ. ಈ ಅಮ್ಮಯ್ಯನ್ನ ಕೆಲ್ಸದಿಂದ ತೆಗೀಬ್ಯಾಡ್ರಿ. ಬೇಕಾದ್ರೆ ತಿಂಗ್ಳು ತಿಂಗ್ಳು ಕುರಿ ಹೊಡ್ಕಂಡ್ ಬಂದು ತೋರುಸ್ತೀನಿ."

ಸೋಮಶೇಖರಪ್ಪನವರು ಕುರಿಗಳನ್ನು ಒಂದೊಂದಾಗಿ ಎಣಿಸಿದರು. ಲಸಿಕೆಯನ್ನು ಸೋರದ ಯಾವುದೇ ಪೆಟ್ಟಿಗೆಯಲ್ಲಿ ಇಡಬಹುದೆಂಬ ನಿಯಮವನ್ನು ಕೇಶವಯ್ಯನವರು ಓದಿ ಹೇಳಿದರು. ಪೆಟ್ಟಿಗೆ ತಗಡಿನದೇ ಆಗಿರಬೇಕೆಂದು ಎಲ್ಲೂ ಇರಲಿಲ್ಲ. ಆ ಮಧ್ಯಾಹ್ನವೇ ಕುರಿಗಳು 'ಲಸಿಕೆ ಪೆಟ್ಟಿಗೆ, ಇಪ್ಪತ್ತೆರಡು' ಎಂದು ದಾಸ್ತಾನಿಗೆ ಸೇರಿದವು. ಅವುಗಳ ಮೇಲೆ ಸಂಖ್ಯೆ ಬರೆಯಲು ಜಾಗ ಧಾರಾಳವಾಗಿತ್ತು. ಓಬಕ್ಕ ಗೌರವ ಉಗ್ರಾಣಪಾಲಕಿಯಾದಳು. ವರಲಕ್ಷ್ಮಿಯ ನೌಕರಿ ಉಳಿಯಿತು. ಅವಳ ಮೆಮೊರಿ ಕಾರ್ಡನ್ನೂ ಹನ್ನೊಂದು ತಿಂಗಳ ಗುತ್ತಿಗೆಯ ಮೇಲೆ ನೇಮಿಸಿಕೊಳ್ಳಲಾಯಿತು.

ಮುಂದಿನ ತಪಾಸಣೆಯಲ್ಲಿ ಪೆಟ್ಟಿಗೆ ಇಪ್ಪತ್ತನಾಲ್ಕಿದ್ದವು. ಮರಿ ಹಾಕಿದವು ಎಂದು ಓಬಕ್ಕ ವಿವರಣೆ ಕೊಟ್ಟಳು. ಖರೀದಿಯಿಲ್ಲದೆ ದಾಸ್ತಾನು ಹೆಚ್ಚಿಸಿದ ಮೊದಲ ಶಾಖೆ ಎಂದು ಕಲ್ಯಾಣದುರ್ಗಕ್ಕೆ ಪ್ರಶಂಸಾಪತ್ರ ಬಂತು. ಗೋರಂಟ್ಲ, ಚಿಲಮತ್ತೂರು ಶಾಖೆಗಳವರೂ ತಮ್ಮ ಲಸಿಕೆಯನ್ನೆಲ್ಲ ಕುರಿಗಳಲ್ಲೇ ಇಡತಕ್ಕದ್ದೆಂದು ಸುತ್ತೋಲೆ ಹೊರಟಿತು. ದಾಸ್ತಾನು ಇಡುವುದಕ್ಕೆ ಟೋಕನ್ ಬೇಕಿಲ್ಲ. ಕುರಿ ಸಾಕುವವರು ಬೆಳಗ್ಗೆಯೇ ಬಂದು ಸಾಲು ನಿಂತರು.

ಮೊನ್ನೆ ಕಂಬದೂರಿನ ಹತ್ತಿರ ಚೌಡಣ್ಣ ಎಂಬ ರೈತನ ಕಡ್ಲೆಕಾಯಿ ಹೊಲಕ್ಕೆ ಓಬಕ್ಕನ ಹಿಂಡು ನುಗ್ಗಿತು. ಚೌಡಣ್ಣ ಕೋಲು ಹಿಡಿದು ಓಡಿ ಬಂದ.

"ಹೊಡೀಬ್ಯಾಡ ಕಣಪ್ಪ," ಎಂದಳು ಓಬಕ್ಕ. "ಅವು ಕುರಿ ಅಲ್ಲ, ಆಫೀಸು."

ಚೌಡಣ್ಣ ಹತ್ತಿರ ಬಂದು ಬೆನ್ನಿನ ಮೇಲಿನ ಸಂಖ್ಯೆಗಳನ್ನು ಓದಿದ. ಕೋಲು ಕೆಳಗಿಟ್ಟ. ಆಮೇಲೆ ಬದುವಿನ ಮೇಲೆ ಓಬಕ್ಕನ ಪಕ್ಕ ಕೂತು, ಆಫೀಸು ಮೇದು ಮುಗಿಸುವವರೆಗೆ ಕಾದ.